ಒಂದು ವರ್ಷದ ಮಿಷನ್ ಸೇವೆಗೆ ಹೊರದೇಶ: ಹಣಕ್ಕಿಂತ ಮೊದಲು ಒಂದು ಪತ್ರ

ಪ್ರಶ್ನೆ: ನನಗೆ 24 ವರ್ಷ. ಊರು ಮಂಡ್ಯ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಒಂದೂವರೆ ವರ್ಷದಿಂದ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ನಾವು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಸಭೆಯವರು. ಒಂದು ವರ್ಷ ಹೊರದೇಶದಲ್ಲಿ ಮಿಷನ್ ಸ್ವಯಂಸೇವಕಿಯಾಗಿ ಇರಬೇಕು ಅನ್ನೋ ಆಸೆ ಪಿಯುಸಿ ಕಾಲದಿಂದಲೂ ಇದೆ. ಇದು ದೇವರ ಕರೆ ಅಂತಲೇ ನಂಬಿದ್ದೇನೆ. ಒಂದು ಪ್ರಾರ್ಥನಾ ಕೂಟದಲ್ಲಿ ಪರಿಚಯವಾದವರೊಬ್ಬರು ಎರಡೂವರೆ ಲಕ್ಷ ಕೊಟ್ಟರೆ ಆಫ್ರಿಕಾಕ್ಕೋ ಇಂಗ್ಲೆಂಡಿಗೋ ಕಳಿಸುತ್ತೇನೆ, ಮೊದಲು ಟೂರಿಸ್ಟ್ ವೀಸಾದಲ್ಲಿ ಹೋಗು, ಮಿಕ್ಕಿದ್ದು ಆಮೇಲೆ ನೋಡಿಕೊಳ್ಳೋಣ ಅನ್ನುತ್ತಿದ್ದಾರೆ. ಅಪ್ಪ ಬೇಡವೇ ಬೇಡ ಅನ್ನುತ್ತಾರೆ. ಅಮ್ಮನಿಗೆ ಊಟದ ಚಿಂತೆ. ನಾನು ಏನು ಮಾಡಲಿ?

ಉತ್ತರ: ಮೊದಲು ಆ ಎರಡೂವರೆ ಲಕ್ಷದ ಮಾತು ಮುಗಿಸಿಬಿಡೋಣ. ಕೊಡಬೇಡಿ. ಮುಂಗಡ ಅಂತ ಒಂದು ರೂಪಾಯಿಯನ್ನೂ ಕೊಡಬೇಡಿ. ಪಾಸ್‌ಪೋರ್ಟನ್ನಂತೂ ಅವರ ಕೈಗೆ ಕೊಡಲೇಬೇಡಿ.

ಯಾಕೆ ಅಂತ ಹೇಳುತ್ತೇನೆ. ಹೊರದೇಶದಲ್ಲಿ ಸಂಬಳದ ಕೆಲಸ ಕೊಡಿಸುವ ಏಜೆಂಟರಿಗೆ ನಮ್ಮಲ್ಲಿ ಕಾನೂನಿದೆ. 1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ಅವರು ಕೇಂದ್ರದ ವಿದೇಶಾಂಗ ಇಲಾಖೆಯಲ್ಲಿ ನೋಂದಣಿ ಮಾಡಿಸಿರಬೇಕು. ಕೆಲಸ ಹುಡುಕಿ ಬಂದವರಿಂದ ಅವರು ತೆಗೆದುಕೊಳ್ಳಬಹುದಾದ ಶುಲ್ಕ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅಷ್ಟೇ. ಯಾರಿಗೆ ಲೈಸೆನ್ಸ್ ಇದೆ ಅನ್ನೋದನ್ನು ಇ-ಮೈಗ್ರೇಟ್ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ ನೀವೇ ನೋಡಬಹುದು. ಸಂಬಳದ ಕೆಲಸಕ್ಕೇ ಇಷ್ಟು ಮಿತಿ ಇರುವಾಗ, ಸಂಬಳವೇ ಇಲ್ಲದ ಸೇವೆಗೆ ಎರಡೂವರೆ ಲಕ್ಷ ಯಾವ ಲೆಕ್ಕದಲ್ಲಿ ಕೇಳುತ್ತಾರೆ? ಕೇಳಿದವರು ಸತ್ಯವೇದ (ಬೈಬಲ್) ಕೈಯಲ್ಲಿ ಹಿಡಿದಿದ್ದಾರೆ ಅನ್ನುವ ಕಾರಣಕ್ಕೆ ಲೆಕ್ಕ ಬದಲಾಗುವುದಿಲ್ಲ.

ಟೂರಿಸ್ಟ್ ವೀಸಾ ಮಾತು ಇನ್ನೂ ಅಪಾಯದ್ದು. ನಮ್ಮ ದೇಶವನ್ನೇ ನೋಡಿ. ಹೊರಗಿನಿಂದ ಬರುವ ಮಿಷನರಿಗಳಿಗೆ ಭಾರತ ಬೇರೆಯೇ ಒಂದು ಮಿಷನರಿ ವೀಸಾ ಇಟ್ಟಿದೆ. ಪ್ರವಾಸಿ ಅಂತ ಬಂದು ಧರ್ಮಪ್ರಚಾರ ಮಾಡಿದರೆ ವಾಪಸ್ ಕಳಿಸುತ್ತಾರೆ. ಬೇರೆ ದೇಶಗಳೂ ಹಾಗೆಯೇ. ಸ್ವಯಂಸೇವೆಗೆ ಸಂಬಳ ಇಲ್ಲವಲ್ಲ, ಹಾಗಾಗಿ ಅದು ಕೆಲಸ ಅಲ್ಲ ಅಂತ ನಮ್ಮವರು ಅಂದುಕೊಳ್ಳುತ್ತಾರೆ. ವಿಮಾನ ನಿಲ್ದಾಣದ ಅಧಿಕಾರಿ ಹಾಗೆ ಅಂದುಕೊಳ್ಳುವುದಿಲ್ಲ. ಕೆ.ಆರ್. ಪೇಟೆ ಕಡೆಯ ಒಬ್ಬ ಹುಡುಗ ಹೀಗೇ ಹೋಗಿದ್ದ. ಅವನನ್ನು ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಕೊಟ್ಟಿದ್ದ ನಂಬರ್ ಸ್ವಿಚ್ ಆಫ್. ಮೂರು ದಿನ ಒಂದು ಗುರುದ್ವಾರದಲ್ಲಿ ಊಟ ಮಾಡಿ, ಮನೆಯವರು ಸಾಲ ಮಾಡಿ ಕಳಿಸಿದ ಟಿಕೆಟ್‌ನಲ್ಲಿ ವಾಪಸ್ ಬಂದ. ಇವತ್ತಿಗೂ ಆ ಹುಡುಗ ಚರ್ಚ್ ಕಡೆ ತಲೆ ಹಾಕುವುದಿಲ್ಲ. ಹೋದ ದುಡ್ಡಿಗಿಂತ ಇದೇ ನನಗೆ ಜಾಸ್ತಿ ಸಂಕಟ.

ಈಗ ನಿಮ್ಮ ಆಸೆಯ ವಿಷಯಕ್ಕೆ ಬರೋಣ. ನಾನೂ ನಿಮ್ಮ ಹಾಗೇ ಹೊರಟವಳು. 2013ರ ಸೆಪ್ಟೆಂಬರ್‌ನಿಂದ ಒಂದು ವರ್ಷ ಜರ್ಮನಿಯ ದಕ್ಷಿಣದ ಒಂದು ಸಣ್ಣ ಊರಿನಲ್ಲಿ, ಚರ್ಚ್ ನಡೆಸುವ ವೃದ್ಧಾಶ್ರಮದಲ್ಲಿ ಸ್ವಯಂಸೇವಕಿಯಾಗಿದ್ದೆ. ವಾಪಸ್ ಬಂದ ಮೇಲೆ ಮೈಸೂರಿನಲ್ಲಿ, ಹೀಗೆ ಹೊರಡುವ ಮಕ್ಕಳನ್ನು ಕೂರಿಸಿಕೊಂಡು ತಯಾರು ಮಾಡುವ ಕೆಲಸ ಮಾಡುತ್ತಾ ಬಂದಿದ್ದೇನೆ. ಹಾಗಾಗಿ ನಿಮ್ಮ ಕರೆ ನಿಜವೋ ಸುಳ್ಳೋ ಅಂತ ನಾನು ಕೇಳುವುದಿಲ್ಲ. ಅದು ನಿಮಗೂ ದೇವರಿಗೂ ಬಿಟ್ಟ ವಿಷಯ. ನಾನು ಕೇಳುವುದು ಬೇರೆ. ಅಲ್ಲಿ ನಿಮ್ಮನ್ನು ಬೇಕು ಅಂತ ಕೇಳಿದವರು ಯಾರು? ಯಾವ ಕೆಲಸಕ್ಕೆ?

ಸತ್ಯವೇದದ ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ನಿಮಗೆ ಗೊತ್ತಿರುತ್ತದೆ. ಪೌಲನಿಗೆ ರಾತ್ರಿ ದರ್ಶನವಾಗುತ್ತದೆ. ಆ ದರ್ಶನದಲ್ಲಿ ಕಾಣುವವನು ಮಕೆದೋನ್ಯದ ಒಬ್ಬ ಮನುಷ್ಯ. ಬಂದು ನಮಗೆ ಸಹಾಯ ಮಾಡು ಅಂತ ಬೇಡಿಕೊಳ್ಳುತ್ತಾನೆ. ಪೌಲನಂಥ ಪೌಲನಿಗೂ ಕರೆ ಬಂದದ್ದು ಅಲ್ಲಿಯವನೊಬ್ಬನ ಬಾಯಿಂದ. ಅದಕ್ಕೆ ಮೂರು ಅಧ್ಯಾಯ ಹಿಂದೆ ಹೋದರೆ, ಅವನನ್ನೂ ಬಾರ್ನಬನನ್ನೂ ಅಂತಿಯೋಕ್ಯದ ಸಭೆಯವರು ಉಪವಾಸ ಮಾಡಿ, ತಲೆ ಮೇಲೆ ಕೈಯಿಟ್ಟು ಕಳಿಸಿಕೊಡುತ್ತಾರೆ. ಈ ಕಡೆ ಕಳಿಸುವವರಿದ್ದರು, ಆ ಕಡೆ ಕರೆಯುವವರಿದ್ದರು. ನಿಮ್ಮ ವಿಷಯದಲ್ಲಿ ಈಗ ಎರಡೂ ಇಲ್ಲ. ನಡುವೆ ದುಡ್ಡು ಕೇಳುವ ಒಬ್ಬರಿದ್ದಾರೆ, ಅಷ್ಟೇ.

ಹಾಗಾಗಿ ಮೊದಲು ಬೇಕಾದ್ದು ಒಂದು ಪತ್ರ. ಸುಮ್ನೆ "ಸ್ವಾಗತ, ಬನ್ನಿ" ಅನ್ನೋ ಪತ್ರ ಸಾಲದು. ನೀವು ಯಾವ ಊರಿನಲ್ಲಿ, ಯಾವ ಸಂಸ್ಥೆಯಲ್ಲಿ ಇರುತ್ತೀರಿ, ದಿನಕ್ಕೆ ಎಷ್ಟು ಗಂಟೆ ಏನು ಕೆಲಸ, ನಿಮ್ಮ ಮೇಲಿನವರು ಯಾರು, ಮಲಗುವ ಕೋಣೆ ಎಲ್ಲಿ, ಊಟ ಯಾರದ್ದು, ಇನ್ಶೂರೆನ್ಸ್ ಯಾರು ಮಾಡಿಸುತ್ತಾರೆ, ಹೋಗಿ ಬರುವ ಟಿಕೆಟ್ ಯಾರು ಕೊಡುತ್ತಾರೆ, ರಜೆ ಎಷ್ಟು, ತೊಂದರೆಯಾದರೆ ಆ ಸಂಸ್ಥೆಯ ಹೊರಗೆ ಯಾರಿಗೆ ಹೇಳಿಕೊಳ್ಳಬೇಕು, ಯಾವತ್ತು ವಾಪಸ್ ಕಳಿಸುತ್ತಾರೆ, ಇಷ್ಟೂ ಅದರಲ್ಲಿ ಇರಬೇಕು. ಒಳ್ಳೆಯ ಸಂಸ್ಥೆ ಇದನ್ನು ಕೇಳುವ ಮುಂಚೆಯೇ ಕೊಡುತ್ತದೆ. ನಿಮ್ಮ ಪೊಲೀಸ್ ಕ್ಲಿಯರೆನ್ಸ್ ಕೇಳುತ್ತದೆ, ಸಂದರ್ಶನ ಮಾಡುತ್ತದೆ, ನಿಮ್ಮ ಅಯ್ಯನವರ (ಸಭಾಪಾಲಕರ) ಹತ್ತಿರ ವಿಚಾರಿಸುತ್ತದೆ. ಏನನ್ನೂ ಕೇಳದೆ ಬಾ ಅನ್ನುವವರ ಹತ್ತಿರ ಹೋಗಬೇಡಿ.

ನೀವು ನರ್ಸ್ ಆದ್ದರಿಂದ ಒಂದು ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನಿಮ್ಮ ಹೆಸರಿದೆ. ಅದು ಇಲ್ಲಿಗೆ. ಇಂಗ್ಲೆಂಡ್‌ನಲ್ಲಾಗಲಿ ಜರ್ಮನಿಯಲ್ಲಾಗಲಿ ಆ ದೇಶದ ನೋಂದಣಿ ಇಲ್ಲದೆ ನೀವು ನರ್ಸ್ ಆಗಿ ಕೆಲಸ ಮಾಡುವಂತಿಲ್ಲ. ಸ್ವಯಂಸೇವಕಿಯಾಗಿ ಹೋದರೆ ನೀವು ಸಹಾಯಕಿ. ಊಟ ಮಾಡಿಸುವುದು, ಹಾಸಿಗೆ ಸರಿ ಮಾಡುವುದು, ಗಾಲಿಕುರ್ಚಿ ತಳ್ಳುವುದು, ಜೊತೆಗೆ ಕೂರುವುದು ಇಂಥ ಕೆಲಸ. ಡಿಗ್ರಿ ಮಾಡಿ ಐಸಿಯು ನೋಡಿದವರಿಗೆ ಇದು ಮೊದಮೊದಲು ಅವಮಾನ ಅನ್ನಿಸುತ್ತದೆ. ಅದಕ್ಕೆ ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಇನ್ನು ಕೆಲವು ಬಡ ದೇಶಗಳ ಸಣ್ಣ ಕ್ಲಿನಿಕ್‌ಗಳಲ್ಲಿ ಇದರ ಉಲ್ಟಾ. ನೋಂದಣಿ ಗಿಂದಣಿ ಯಾರೂ ಕೇಳುವುದಿಲ್ಲ, ಹೋದ ದಿನವೇ ಸಿರಿಂಜ್ ಕೈಗೆ ಕೊಟ್ಟುಬಿಡುತ್ತಾರೆ. ಅಲ್ಲಿ ನೀವೇ ಬೇಡ ಅನ್ನಬೇಕು. ಭಾಷೆ ಬಾರದ ಊರಿನಲ್ಲಿ, ಆ ಮಗುವಿಗೆ ಯಾವ ಔಷಧಿ ಆಗಿಬರುವುದಿಲ್ಲ ಅಂತ ತಾಯಿಯನ್ನು ಕೇಳಲೂ ಆಗದೆ ಇಂಜೆಕ್ಷನ್ ಕೊಡುವುದು ಸೇವೆ ಅಲ್ಲಮ್ಮಾ. ಮಂಡ್ಯದಲ್ಲಿ ಮಾಡದ್ದನ್ನು ಆಫ್ರಿಕಾದ ಮಲಾವಿಯಲ್ಲೂ ಮಾಡಬಾರದು.

ನರ್ಸ್ ಆಗಿಯೇ ಸೇವೆ ಮಾಡಬೇಕು ಅಂದರೆ ಅದಕ್ಕೂ ದಾರಿ ಇದೆ. ಮರ್ಸಿ ಶಿಪ್ಸ್ ಅನ್ನುವ ಕ್ರೈಸ್ತ ಸಂಸ್ಥೆ ಆಸ್ಪತ್ರೆ ಹಡಗುಗಳನ್ನು ಆಫ್ರಿಕಾದ ಬಂದರುಗಳಲ್ಲಿ ನಿಲ್ಲಿಸಿ ಉಚಿತವಾಗಿ ಶಸ್ತ್ರಚಿಕಿತ್ಸೆ ಮಾಡುತ್ತದೆ. ಅಲ್ಲಿ ಕ್ಯಾಪ್ಟನ್‌ನಿಂದ ಅಡುಗೆಯವರ ತನಕ ಸ್ವಯಂಸೇವಕರು. ಪ್ರಯಾಣದಂಥ ಖರ್ಚು ತಾವೇ ಹೊಂದಿಸಿಕೊಳ್ಳುತ್ತಾರೆ. ನರ್ಸ್ ಅಂದರೆ ಲೈಸೆನ್ಸ್ ಜೊತೆ ವಾರ್ಡ್ ಅನುಭವವನ್ನೂ ನೋಡುತ್ತಾರೆ. ನಿಮ್ಮದು ಒಂದೂವರೆ ವರ್ಷ ಆಗಿದೆ. ಇನ್ನೊಂದು ವರ್ಷ ಸರ್ಜಿಕಲ್ ವಾರ್ಡ್‌ನಲ್ಲಿ ಕಳೆದರೆ ನಿಮಗೂ ಒಳ್ಳೆಯದು, ಮುಂದೆ ನಿಮ್ಮ ಕೈಗೆ ಬರುವ ರೋಗಿಗೂ ಒಳ್ಳೆಯದು.

ನನ್ನ ಮೊದಲ ವಾರದ ಒಂದು ಬೆಳಿಗ್ಗೆ ಹೇಳುತ್ತೇನೆ. ಏಳೂವರೆಗೆ ತಿಂಡಿ. ನನಗೆ ಕೊಟ್ಟಿದ್ದು 91 ವರ್ಷದ ಒಬ್ಬ ಅಜ್ಜಿ. ಬ್ರೆಡ್ಡಿನ ಗಟ್ಟಿ ಅಂಚು ಕತ್ತರಿಸಿ ತೆಗೆದು, ಬೆಣ್ಣೆ ಮತ್ತು ಪ್ಲಮ್ ಹಣ್ಣಿನ ಜಾಮ್ ಸವರಿ, ಬೆರಳುದ್ದದ ತುಂಡು ಮಾಡಿ ತಿನ್ನಿಸಬೇಕು. ನಮ್ಮ ಅಜ್ಜಿಗೆ ಇಡ್ಲಿ ಚೂರು ಮಾಡಿ ತಿನ್ನಿಸಿ ಅಭ್ಯಾಸ ಇದ್ದವಳು ನಾನು. ಇದೇನು ಮಹಾ ಅಂದುಕೊಂಡೆ. ಎರಡನೇ ತುಂಡಿಗೆ ಅವರು ಬಾಯಿ ಮುಚ್ಚಿದರು. ನಾನು ನಗುತ್ತಾ ಮತ್ತೆ ಕೊಟ್ಟೆ. ಮುಖ ತಿರುಗಿಸಿದರು. ಮೂರನೇ ಸಲ ನನ್ನ ಮಣಿಕಟ್ಟು ಹಿಡಿದುಕೊಂಡು ಒಂದೇ ಮಾತು ಹೇಳಿದರು: "ಲಾಂಗ್‌ಸಾಮ್." ನನಗೆ ಅರ್ಥ ಆಗಲಿಲ್ಲ. ಪಕ್ಕದಲ್ಲಿದ್ದ ನರ್ಸ್ ಬಂದು ನನ್ನ ಕೈಯಿಂದ ತಟ್ಟೆ ಇಳಿಸಿ, ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ಅಲ್ಲಿಯ ತನಕ ನಾನು ನಿಂತೇ ತಿನ್ನಿಸುತ್ತಿದ್ದೆ! ಲಾಂಗ್‌ಸಾಮ್ ಅಂದರೆ ನಿಧಾನ. ಪುಸ್ತಕ ನೋಡದೆ ನಾನು ಕಲಿತ ಮೊದಲ ಜರ್ಮನ್ ಮಾತು ಅದು. ಆ ಬೆಳಿಗ್ಗೆ ಮೂರು ತುಂಡಿಗೆ ನಲವತ್ತು ನಿಮಿಷ ಹಿಡಿಯಿತು. ಡಿಸೆಂಬರ್ ಹೊತ್ತಿಗೆ ಅವರೇ ನನಗೆ ಒಂದು ತುಂಡು ತೆಗೆದಿಡುವಷ್ಟು ಹತ್ತಿರವಾದರು.

ಇದನ್ನು ಯಾಕೆ ಇಷ್ಟು ಹೇಳಿದೆ ಅಂದರೆ, ಒಂದು ವರ್ಷ ತುಂಬಾ ಚಿಕ್ಕದು. ಭಾಷೆ ಕಿವಿಗೆ ಹತ್ತುವಷ್ಟರಲ್ಲಿ ಆರು ತಿಂಗಳು ಕಳೆದಿರುತ್ತದೆ. ನಮ್ಮ ಕಡೆಗೆ ಬಂದ ಮಿಷನರಿಗಳನ್ನು ನೆನೆಸಿಕೊಳ್ಳಿ. ಕಿಟ್ಟೆಲ್ ಬಂದದ್ದು 1853ರಲ್ಲಿ, ಅವರ ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಾನಿದ್ದ ಊರಿನಿಂದ ಅವರು ತೀರಿಕೊಂಡ ಟ್ಯೂಬಿಂಗೆನ್‌ಗೆ ರೈಲಿನಲ್ಲಿ ಹೋಗಿಬರಬಹುದಿತ್ತು. ಒಂದು ಭಾನುವಾರ ಹೋಗಿ ಅಲ್ಲಿನ ಬೀದಿಗಳಲ್ಲಿ ಸುತ್ತಾಡಿ, ನಲವತ್ತು ವರ್ಷ ಒಂದೊಂದೇ ಕನ್ನಡ ಮಾತನ್ನು ಕೇಳಿ ಕೇಳಿ ಬರೆದುಕೊಂಡ ಮನುಷ್ಯನನ್ನು ನೆನೆದು ಬಂದೆ. ನಿಮ್ಮ ಮಂಡ್ಯ ಜಿಲ್ಲೆಯಲ್ಲೇ ಇನ್ನೊಬ್ಬರಿದ್ದರು. ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬೋಯಿ. ನಮ್ಮವರು ಅವರನ್ನು ದೊಡ್ಡಸ್ವಾಮಿಯೋರು ಅಂತಿದ್ದರಂತೆ. ನಮ್ಮ ಬಟ್ಟೆ ಉಟ್ಟು, ನಮ್ಮ ಊಟ ಉಂಡು, 1803ರ ಹೊತ್ತಿಗೆ ಹಳ್ಳಿಗಳಲ್ಲಿ ಸಿಡುಬಿನ ಲಸಿಕೆ ಹಾಕಿಸಿದರು. 1792ರಲ್ಲಿ ಭಾರತಕ್ಕೆ ಬಂದವರು ವಾಪಸ್ ಹೋದದ್ದು 1823ರಲ್ಲಿ. ಅಷ್ಟು ವರ್ಷ ಇದ್ದೂ, ಹೋಗುವಾಗ ತಮ್ಮ ಮತಪ್ರಚಾರದ ಫಲದ ಬಗ್ಗೆ ಅವರಿಗೆ ದೊಡ್ಡ ನಿರಾಸೆ ಇತ್ತು. ಆದರೆ ಲಸಿಕೆ ಹಾಕಿಸಿಕೊಂಡ ಮಕ್ಕಳು ಬದುಕಿದರು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಊರಿನವರು ಇಂದಿಗೂ ಮಿಷನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ಅಲ್ಲಿ ಹುಟ್ಟಿದವರು ಎಲ್ಲ ಜಾತಿ, ಎಲ್ಲ ಧರ್ಮಗಳಲ್ಲೂ ಇದ್ದಾರೆ. ಹನ್ನೆರಡೇ ತಿಂಗಳಿಗೆ ಹೋಗುವ ನಾವು ದೊಡ್ಡ ಫಲದ ಲೆಕ್ಕ ಇಟ್ಟುಕೊಂಡು ಹೋಗಬಾರದು. ಕಲಿಯೋಕೆ ಅಂತ ಹೋಗಬೇಕು. ಹೋದ ಕಡೆ ಒಂದು ಸಣ್ಣ ಕೆಲಸ ಶುದ್ಧವಾಗಿ ಮಾಡಿ ಬಂದರೆ ಅದೇ ಬಹಳ.

ದಾರಿ ಹೇಗೆ ಹುಡುಕುವುದು? ನೀವು ಸಿಎಸ್‌ಐನವರಾದ್ದರಿಂದ ನಿಮ್ಮ ಸಭಾಪಾಲಕರಿಂದ ಶುರು ಮಾಡಿ. ಅವರ ಪತ್ರ ಹಿಡಿದು ಡಯಾಸಿಸ್ (ಬಿಷಪ್‌ರ ಆಡಳಿತದ ಪ್ರಾಂತ್ಯ) ಕಚೇರಿಗೆ ಬರೆಯಿರಿ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇಎಂಎಸ್ ಅನ್ನುವ ಸಭೆಗಳ ಒಕ್ಕೂಟ ಇದೆ. ಸಿಎಸ್‌ಐ ಅದರ ಸದಸ್ಯ. ಅಲ್ಲಿನ ಮಕ್ಕಳು ಇಲ್ಲಿಗೆ, ಇಲ್ಲಿನ ಮಕ್ಕಳು ಅಲ್ಲಿಗೆ ಸ್ವಯಂಸೇವೆಗೆ ಹೋಗಿಬರುವ ಏರ್ಪಾಡು ಅದರಲ್ಲಿದೆ. ಜರ್ಮನ್ ಸರ್ಕಾರ 2011ರಲ್ಲಿ ಶುರು ಮಾಡಿದ ಬಿಎಫ್‌ಡಿ ಅನ್ನುವ ಸ್ವಯಂಸೇವಾ ಯೋಜನೆಗೆ ಹೊರಗಿನವರೂ ಸೇರಬಹುದು. ಸಾಮಾನ್ಯವಾಗಿ 12 ತಿಂಗಳು. ಅದರಲ್ಲಿ ಇರುವವರನ್ನು ಅಲ್ಲಿ ಬುಫ್ಡಿ ಅಂತ ಕರೆಯುತ್ತಾರೆ. ಪ್ರಾಟೆಸ್ಟಂಟರ ಡಯಕೋನಿ, ಕಥೋಲಿಕರ ಕಾರಿತಾಸ್ ಎರಡೂ ಸೇವಾ ಸಂಸ್ಥೆಗಳು ತಮ್ಮ ವೃದ್ಧಾಶ್ರಮ, ಅಂಗವಿಕಲರ ಮನೆ, ಶಿಶುವಿಹಾರಗಳಿಗೆ ಬುಫ್ಡಿಗಳನ್ನು ತೆಗೆದುಕೊಳ್ಳುತ್ತವೆ. ಕೈಖರ್ಚಿಗೆ ಸ್ವಲ್ಪ ಹಣ ಮತ್ತು ಇನ್ಶೂರೆನ್ಸ್ ಕೊಡುತ್ತಾರೆ. ವಸತಿ, ಊಟ ಯಾರದ್ದು ಅನ್ನೋದನ್ನು ಪತ್ರದಲ್ಲೇ ನೋಡಿಕೊಳ್ಳಿ. 27ರ ಒಳಗಿನವರಿಗೆ ವರ್ಷದಲ್ಲಿ 25 ದಿನ ತರಗತಿಗಳೂ ಇರುತ್ತವೆ. ಜರ್ಮನ್ ಭಾಷೆಯನ್ನು ಇಲ್ಲಿಂದಲೇ ಕಲಿತು ಹೋಗಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ ಬರೆಯಬಹುದು. ಮೊದಲ ಹಂತವಾದ ಎ1 ಮುಗಿಸಿದರೆ ಸಾಲದು, ಅದರ ಮುಂದಿನ ಎ2 ಆದರೆ ಮೊದಲ ಮೂರು ತಿಂಗಳು ಅಳು ಕಮ್ಮಿ. ಕಥೋಲಿಕ ಓದುಗರು ಇದನ್ನೇ ತಮ್ಮ ಧರ್ಮಕೇಂದ್ರದ ಗುರುಗಳ ಮೂಲಕ ಶುರು ಮಾಡಬಹುದು.

ಇಂಗ್ಲೆಂಡ್‌ಗೆ ಸರಿಯಾದ ದಾರಿ ಅಂದರೆ ಚಾರಿಟಿ ವರ್ಕರ್ ವೀಸಾ. 12 ತಿಂಗಳ ತನಕ ಇರಬಹುದು. ಅಲ್ಲಿನ ಲೈಸೆನ್ಸ್ ಇರುವ ಸಂಸ್ಥೆ ನಿಮಗೆ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಕೊಡಬೇಕು. ಸಂಬಳ ತೆಗೆದುಕೊಳ್ಳುವಂತಿಲ್ಲ. ಆ ಸಂಸ್ಥೆ ನಿಮ್ಮ ಖರ್ಚಿಗೆ ಜವಾಬ್ದಾರಿ ಹೊರದಿದ್ದರೆ ನಿಮ್ಮ ಖಾತೆಯಲ್ಲಿ 1,270 ಪೌಂಡ್ 28 ದಿನ ಇಟ್ಟು ತೋರಿಸಬೇಕು. ಆರು ತಿಂಗಳಿಗಿಂತ ಜಾಸ್ತಿ ಇರುವುದಾದರೆ ಕ್ಷಯದ ಪರೀಕ್ಷೆಯೂ ಬೇಕು. ಅಮೆರಿಕದ ಆರ್-1 ಧಾರ್ಮಿಕ ವೀಸಾಕ್ಕೆ ಅರ್ಜಿಗೆ ಮುಂಚೆ ಕನಿಷ್ಠ ಎರಡು ವರ್ಷ ಅದೇ ಪಂಗಡದ ಸದಸ್ಯರಾಗಿರಬೇಕು. ಹತ್ತಿರದ ನೇಪಾಳಕ್ಕೆ ನಮಗೆ ವೀಸಾ ಬೇಡ, ಆದರೆ ಅಲ್ಲಿ ಮತಾಂತರ ಮಾಡಿಸುವುದು ಅಪರಾಧ. 2017ರ ದಂಡಸಂಹಿತೆಯಲ್ಲಿ ಐದು ವರ್ಷದ ತನಕ ಜೈಲು ಇದೆ. ವೀಸಾ ಬೇಡ ಅಂದ ಮಾತ್ರಕ್ಕೆ ಸಲೀಸು ಅಂತ ಹೊರಟುಬಿಡಬೇಡಿ.

ಕಾಗದಪತ್ರ ಅಷ್ಟೇನೂ ಕಷ್ಟ ಇಲ್ಲ. ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಓಡಾಡುವ ಕಾಲ ಹೋಯಿತು. ಅಂಚೆ ಇಲಾಖೆಯ ಜೊತೆ ಸೇರಿ ಶುರು ಮಾಡಿದ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ದೇಶಕ್ಕೇ ಮೊದಲು 2017ರ ಜನವರಿಯಲ್ಲಿ ತೆರೆದ ಎರಡರಲ್ಲಿ ಮೈಸೂರಿನದ್ದು ಒಂದು. ಆಫ್ರಿಕಾದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಹಾಕಿಸಿಕೊಂಡ ಹತ್ತು ದಿನದ ಮೇಲಷ್ಟೇ ಆ ಕಾರ್ಡ್ ಚಲಾವಣೆಗೆ ಬರುತ್ತದೆ. ಅದಿಲ್ಲದೆ ಆ ದೇಶಗಳಿಂದ ವಾಪಸ್ ಬಂದರೆ ನಮ್ಮವರೇ ಆರು ದಿನದ ತನಕ ಪ್ರತ್ಯೇಕ ಇಡಬಹುದು. ಇನ್ನೊಂದು ಮುಖ್ಯ. ನಿಮ್ಮ ಆಸ್ಪತ್ರೆಯಲ್ಲಿ ಬಾಂಡ್ ಬರೆದುಕೊಟ್ಟಿದ್ದೀರಾ, ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳು ಅಲ್ಲಿ ಇವೆಯಾ ನೋಡಿ. ನನ್ನ ಹತ್ತಿರ ಬಂದ ಹುಡುಗಿಯೊಬ್ಬಳಿಗೆ ವೀಸಾ ಸಂದರ್ಶನದ ಹಿಂದಿನ ವಾರ ಇದು ನೆನಪಾಗಿ, ಅವಳ ತಂದೆ ಮೂರು ದಿನ ಆ ಕಚೇರಿಯ ಬೆಂಚಿನ ಮೇಲೆ ಕೂತಿದ್ದರು. ಮೊದಲು ಒರಿಜಿನಲ್ ಬಿಡಿಸಿಕೊಳ್ಳಿ. ಅನುಭವದ ಪತ್ರವನ್ನೂ ತೆಗೆದುಕೊಂಡೇ ಕೆಲಸ ಬಿಡಿ. ವಾಪಸ್ ಬಂದಾಗ ಕೆಲಸ ಹುಡುಕುವುದು ಅದರ ಮೇಲೇ ನಿಂತಿರುತ್ತದೆ.

ಹಣ ಹೊಂದಿಸುವ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಸಾಲ ಬೇಡ, ಅಮ್ಮನ ಒಡವೆ ಅಡ ಇಡುವುದು ಬೇಡ. ಸೇವೆಗೆ ಹೋದವರ ತಲೆಯ ಮೇಲೆ ಸಾಲ ಕೂತಿದ್ದರೆ, ಅಲ್ಲಿ ಸಂಬಳದ ಕೆಲಸ ಸಿಗುತ್ತಾ ಅಂತ ಮೂರನೇ ತಿಂಗಳಿಗೇ ಕಣ್ಣು ಓಡುತ್ತದೆ. ಅದು ವೀಸಾಕ್ಕೂ ತಪ್ಪು, ಮನಸ್ಸಿಗೂ ಭಾರ. ಬದಲಿಗೆ ನಿಮ್ಮ ಸಭೆಯನ್ನು ಕೇಳಿ. ನನಗೆ ವಿಮಾನದ ಟಿಕೆಟ್ಟಿನ ಅರ್ಧ ಹಣ ಕೂಡಿಸಿಕೊಟ್ಟಿದ್ದು ಸ್ತ್ರೀಯರ ಅನ್ಯೋನ್ಯ ಕೂಟದವರು. ಕ್ರಿಸ್‌ಮಸ್‌ಗೆ ಕಜ್ಜಾಯ, ಚಕ್ಕುಲಿ ಮಾಡಿ ಮಾರಿ ಕೂಡಿಸಿದ ದುಡ್ಡು ಅದು. ಹತ್ತು ರೂಪಾಯಿ ಕೊಟ್ಟ ಅಜ್ಜಿಯ ಹೆಸರನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೆ. ವಾಪಸ್ ಬಂದ ಮೇಲೆ ಆ ಪುಸ್ತಕ ಹಿಡಿದು ಮನೆ ಮನೆಗೆ ಹೋಗಿ ಏನು ಮಾಡಿದೆ ಅಂತ ಹೇಳಿ ಬಂದೆ. ಕಳಿಸಿದವರಿಗೆ ಲೆಕ್ಕ ಒಪ್ಪಿಸುವುದೂ ಸೇವೆಯಲ್ಲೇ ಸೇರಿದ್ದು.

ಅಲ್ಲಿ ಹೇಗಿರಬೇಕು ಅನ್ನೋದರ ಬಗ್ಗೆ ಎರಡು ಮಾತು. ಹಾಸಿಗೆ ಹಿಡಿದವರ ಮುಂದೆ, ನಿಮ್ಮ ಕೈಯಿಂದ ಊಟ ಮಾಡುವವರ ಮುಂದೆ, ಸುವಾರ್ತೆಯನ್ನು ಅವರು ಕೇಳಿದರೆ ಹೇಳಿ. ಕೇಳದಿದ್ದರೆ ಸುಮ್ಮನಿರಿ. ಬೇಡ ಅನ್ನಲು ಶಕ್ತಿ ಇಲ್ಲದವರಿಗೆ ಹೇಳುವುದು ಅವರ ಮೇಲೆ ಹೇರಿದ ಹಾಗೆ. ವೃದ್ಧಾಶ್ರಮದ ಆ ಅಜ್ಜಿ ಕೇಳಿದ್ದರು, ನಿಮ್ಮ ಊರಿನಲ್ಲಿ ಯಾವ ಹಾಡು ಹಾಡುತ್ತೀರಿ ಅಂತ. ಕನ್ನಡದ ಕೀರ್ತನೆ ಹಾಡಿದೆ. ಮಾರನೇ ದಿನವೂ ಹಾಡಿಸಿಕೊಂಡರು. ಇನ್ನೊಂದು, ಫೋಟೋ. ಶ್ರೀರಂಗಪಟ್ಟಣದಲ್ಲೋ ದೇವರಾಜ ಮಾರ್ಕೆಟ್ಟಿನಲ್ಲೋ ಹೊರದೇಶದವರು ನಮ್ಮ ಬಡ ಮಕ್ಕಳ ಫೋಟೋ ಹೊಡೆದುಕೊಂಡು ಹೋಗುವಾಗ ನಮಗೆ ಹೇಗನ್ನಿಸುತ್ತದೆ? ಆಫ್ರಿಕಾಕ್ಕೆ ಹೋದ ನಮ್ಮ ಮಕ್ಕಳು ಅದನ್ನೇ ಮಾಡಿ ಸ್ಟೇಟಸ್ ಹಾಕುತ್ತಾರೆ. ತಂದೆತಾಯಿ ಒಪ್ಪದೆ ಒಂದು ಮಗುವಿನ ಫೋಟೋವನ್ನೂ ತೆಗೆಯಬೇಡಿ. ಬಣ್ಣದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಆಡುವ ಮಾತುಗಳಿವೆಯಲ್ಲ, ಕಪ್ಪು ಬಿಳುಪು ಅಂತ, ಅವನ್ನು ಇಲ್ಲೇ ಬಿಟ್ಟು ಹೋಗಿ.

ನವೆಂಬರ್ ಕಷ್ಟದ ತಿಂಗಳು. ಯುರೋಪಿನಲ್ಲಿ ಸಂಜೆ ಐದಕ್ಕೇ ಕತ್ತಲು. ದಸರಾ ದಿನಗಳಲ್ಲಿ ತಂಗಿ ಕಳಿಸಿದ ಅರಮನೆ ದೀಪದ ವಿಡಿಯೋವನ್ನು ನಾನು ನವೆಂಬರ್ ಪೂರ್ತಿ ನೋಡಿದ್ದೇನೆ. ಆ ತಿಂಗಳು ವಾಪಸ್ ಹೋಗುವ ನಿರ್ಧಾರ ಮಾಡಬೇಡಿ. ಆದರೆ ಇದು ಒಂಟಿತನಕ್ಕೆ ಹೇಳಿದ ಮಾತು. ಯಾರಾದರೂ ಕೈ ಮುಟ್ಟಿದರೆ, ಬೆದರಿಸಿದರೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ ಒಂದು ದಿನವೂ ಸಹಿಸಬೇಡಿ. ಪತ್ರದಲ್ಲಿರುವ ಹೊರಗಿನವರಿಗೆ ಹೇಳಿ, ಭಾರತದ ರಾಯಭಾರ ಕಚೇರಿಗೆ ಫೋನ್ ಮಾಡಿ, ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಿ. ಸೇವೆಗೆ ಬಂದವಳು ತಾಳಿಕೊಳ್ಳಬೇಕು ಅಂತ ಯಾರಾದರೂ ಬುದ್ಧಿ ಹೇಳಿದರೆ ಕೇಳಬೇಡಿ.

ಇನ್ನು ಅಪ್ಪ. ಅವರು ಬೇಡ ಅನ್ನುತ್ತಿರುವುದು ನಿಮ್ಮ ಭಕ್ತಿಗೆ ಅಂತ ನನಗೆ ಅನ್ನಿಸುವುದಿಲ್ಲ. ಯಾರೋ ಗೊತ್ತಿಲ್ಲದವರು ದುಡ್ಡು ಕೇಳುತ್ತಿದ್ದಾರೆ, ಮಗಳು ಎಲ್ಲಿರುತ್ತಾಳೆ ಅಂತ ಯಾರಿಗೂ ಗೊತ್ತಿಲ್ಲ. ಈ ಪರಿಸ್ಥಿತಿಯಲ್ಲಿ ಬೇಡ ಅನ್ನುವ ಅಪ್ಪ ಸರಿಯಾಗೇ ಯೋಚನೆ ಮಾಡುತ್ತಿದ್ದಾರೆ. ಈಗ ವಾದ ಮಾಡಬೇಡಿ. ಪತ್ರ ಬಂದ ದಿನ ಅದನ್ನು ಕನ್ನಡದಲ್ಲಿ ಬರೆದು ಅವರ ಕೈಗೆ ಕೊಡಿ. ಅಯ್ಯನವರನ್ನು ಮನೆಗೆ ಕರೆಸಿ. ಹೋಗಿ ಬಂದ ಯಾರಾದರೂ ಹುಡುಗಿಯ ಅಪ್ಪನ ಜೊತೆ ಇವರನ್ನು ಮಾತಾಡಿಸಿ. ಅಪ್ಪಂದಿರಿಗೆ ಇನ್ನೊಬ್ಬ ಅಪ್ಪನ ಮಾತು ಬೇಗ ತಾಗುತ್ತದೆ. ಮದುವೆಯ ಮಾತು ಬಂದರೆ, ಒಂದು ವರ್ಷ ಅಂದರೆ ಒಂದೇ ವರ್ಷ, ವಾಪಸ್ ಬರುವ ತಾರೀಕು ಇಲ್ಲಿದೆ ನೋಡಿ ಅಂತ ಆ ಸಾಲನ್ನು ತೋರಿಸಿ. ನನ್ನ ಅಪ್ಪ ಆ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಇಂಕಿನಲ್ಲಿ ಸುತ್ತು ಹಾಕಿಟ್ಟಿದ್ದರು. ಮೊದಲು ಮೂರು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

ಅಮ್ಮನಿಗೆ ಹೇಳಿ, ರಾಗಿ ಹಿಟ್ಟು, ಹುರಿಗಡಲೆ ಚಟ್ನಿಪುಡಿ, ಸಾರಿನ ಪುಡಿ ಕೊಟ್ಟು ಕಳಿಸಬಹುದು ಅಂತ. ಎಲ್ಲಾ ಪ್ಯಾಕೆಟ್‌ಗಳ ಮೇಲೂ ಒಳಗೆ ಏನಿದೆ ಅಂತ ಇಂಗ್ಲಿಷಿನಲ್ಲಿ ಬರೆದಿರಲಿ. ಯುರೋಪಿಗಾದರೆ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ, ಹಾಗಾಗಿ ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ಮುದ್ದೆ ಕೋಲು ಒಂದು ಚಿಕ್ಕದು ಇಟ್ಟುಕೊಳ್ಳಿ. ಅಲ್ಲಿನ ಮರದ ಸೌಟಿನಲ್ಲಿ ತಿರುವಿದರೆ ಗಂಟು ಒಡೆಯುವುದಿಲ್ಲ, ನಾನು ಎರಡು ಸೌಟು ಮುರಿದಿದ್ದೇನೆ. ಹೊರಡುವ ಮುಂಚೆ ಬಸ್ಸಾರು ಮಾಡುವುದನ್ನು ಅಮ್ಮನ ಪಕ್ಕ ನಿಂತು ನೀವೇ ನಾಲ್ಕು ಸಲ ಮಾಡಿ ಕಲಿಯಿರಿ. ಅಲ್ಲಿ ಸೊಪ್ಪು ಸಿಗುತ್ತದೆ, ಪಾಲಕ್ ಚೆನ್ನಾಗಿಯೇ ಆಗುತ್ತದೆ.